ಐಸಿ-7300ರ ಒಳಗಿನ ಟ್ಯೂನರ್: ಬಿಚ್ಚಿ ನೋಡಿದೆ, ಹಾಗೇ ಮುಚ್ಚಿದೆ

ನನ್ನದು ಹ್ಯಾಮ್ ರೇಡಿಯೋ ಹವ್ಯಾಸ, ಅಂದರೆ ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವುದು. ಮೈಸೂರಿನಲ್ಲಿ ನಮ್ಮದು 30×40ರ ಸೈಟಿನ ಮನೆ. ಮೇಲೆ ನೀರಿನ ಟ್ಯಾಂಕು, ಹಿತ್ತಲಲ್ಲಿ ಒಂದು ತೆಂಗಿನ ಮರ. 40 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದ ಸುಮಾರು 40 ಮೀಟರ್ ಇರುವ ಫ್ರೀಕ್ವೆನ್ಸಿಗಳಿಗೆ) ಅರ್ಧ ಅಲೆಯ ಆಂಟೆನಾ ತಂತಿ ಎಳೆಯಬೇಕಾದರೆ 20 ಮೀಟರ್ ಜಾಗ ಬೇಕು. ಟ್ಯಾಂಕಿನಿಂದ ಮರದ ತನಕ ಎಳೆದು, ಅಲ್ಲಿಂದ ಕೆಳಕ್ಕೆ ಒಂದಿಷ್ಟು ಇಳಿಬಿಟ್ಟರೂ ನನಗೆ ಸಿಕ್ಕಿದ್ದು 16 ಮೀಟರ್. ತಂತಿಯ ಬುಡದಲ್ಲಿ ನಾನೇ ಸುತ್ತಿದ 9:1 ಅನ್‌ಅನ್, ಅಂದರೆ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್. ಅಲ್ಲಿಂದ ಕೆಳಗಿನ ರೂಮಿಗೆ 15 ಮೀಟರ್ ಆರ್‌ಜಿ-58 ಕೇಬಲ್. ಐಕಾಮ್ ಕಂಪನಿಯ ಐಸಿ-7300 ರೇಡಿಯೋ ತಗೊಂಡಾಗ, ಒಳಗೇ ಆಟೋ ಟ್ಯೂನರ್ (ಆಂಟೆನಾವನ್ನು ರೇಡಿಯೋಗೆ ತಾನೇ ಹೊಂದಿಸುವ ಸರ್ಕ್ಯೂಟ್) ಇದೆ, ಇನ್ನೇನು ಚಿಂತೆ ಅಂದುಕೊಂಡಿದ್ದೆ. ಎರಡು ವರ್ಷ ಬಳಸಿದ ಮೇಲೆ ಆ ಟ್ಯೂನರ್ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ರೇಡಿಯೋದ ಉಳಿದ ಗುಣಗಾನವನ್ನು ಬೇಕಾದಷ್ಟು ಜನ ಮಾಡಿದ್ದಾರೆ.

ಬಳಸಲು ತುಂಬಾ ಸುಲಭ. ಟ್ಯೂನರ್ ಬಟನ್ ಒಂದು ಸೆಕೆಂಡು ಒತ್ತಿ ಹಿಡಿದರೆ ಒಳಗೆ ರಿಲೇಗಳು ಟಕಟಕ ಅನ್ನುತ್ತವೆ. ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹಳೇ ಕಾಲದ ಮೋಟಾರ್ ಟ್ಯೂನರ್‌ಗಳ ಹಾಗೆ ಗರ್ ಅಂತ ತಿರುಗುತ್ತಾ ಕಾಯಿಸುವುದಿಲ್ಲ. ಪ್ರತಿ 100 ಕಿಲೋಹರ್ಟ್ಸ್‌ಗೆ ಸಿಕ್ಕ ಹೊಂದಾಣಿಕೆಯನ್ನು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಮತ್ತೆ ಅಲ್ಲಿಗೆ ಬಂದಾಗ ಒಂದೇ ಟಕ್. ರಾತ್ರಿ ಹನ್ನೊಂದಕ್ಕೆ ಟ್ಯೂನ್ ಮಾಡಿದರೆ ನಮ್ಮ ಮನೆಯವರು "ಹಲ್ಲಿ ಲೊಚಗುಟ್ಟಿತು ಅಂದ್ಕೊಂಡೆ ರೀ" ಅನ್ನುತ್ತಾರೆ.

ಆದರೆ ಕಂಪನಿ ಹೇಳುವ ಮಿತಿ ಎಸ್‌ಡಬ್ಲ್ಯುಆರ್ 3:1. ರೇಡಿಯೋ ಬಯಸುವ 50 ಓಮ್‌ನಿಂದ ಆಂಟೆನಾ ಎಷ್ಟು ದೂರ ಇದೆ ಅನ್ನುವ ಅಳತೆಯೇ ಎಸ್‌ಡಬ್ಲ್ಯುಆರ್; 1 ಇದ್ದರೆ ಪೂರ್ತಿ ಹೊಂದಿಕೆ. ಅಂದರೆ 16.7 ಓಮ್‌ನಿಂದ 150 ಓಮ್ ತನಕ. ನ್ಯಾನೋವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ತಗೊಂಡು ಕೇಬಲ್ಲಿನ ರೇಡಿಯೋ ತುದಿಯಲ್ಲಿ ಅಳೆದೆ. 20 ಮೀಟರ್ ಬ್ಯಾಂಡಿನಲ್ಲಿ ಎಸ್‌ಡಬ್ಲ್ಯುಆರ್ 2.7, 15ರಲ್ಲಿ 2.2. ಎರಡೂ ಸಲೀಸು. 40ರಲ್ಲಿ 4.6, 10ರಲ್ಲಿ 4.3. ಅಲ್ಲಿ ಟ್ಯೂನರ್ ಟಕಟಕ ಅಂದು ಅಂದು ಕೈಚೆಲ್ಲಿತು.

ರೇಡಿಯೋ ಗೆಳೆಯರ ಬೆಳಗಿನ ಮಾತುಕತೆಯಲ್ಲಿ ಇದನ್ನು ಹೇಳಿಕೊಂಡೆ. ಗೆಳೆಯರೊಬ್ಬರು, "ಓಎಂ (ಓಲ್ಡ್ ಮ್ಯಾನ್, ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯುವುದೇ ಹೀಗೆ), ಕವರ್ ಬಿಚ್ಚಿ, ಇನ್ನೆರಡು ಕಾಯಿಲ್ ಸೇರಿಸಿ, ಎಂಥಾ ತಂತಿಯಾದ್ರೂ ಟ್ಯೂನ್ ಆಗುತ್ತೆ" ಅಂದರು. ನಾನು ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವನು. ಸ್ಕ್ರೂಡ್ರೈವರ್ ಕೈಗೆ ಬಂದರೆ ಸುಮ್ನೆ ಕೂರುವ ಜಾಯಮಾನ ನನ್ನದಲ್ಲ. ಬಿಚ್ಚಿಯೇ ಬಿಟ್ಟೆ. ಒಳಗೆ ಸಾಲಾಗಿ ಪುಟ್ಟ ರಿಲೇಗಳು, ಕಾಯಿಲ್‌ಗಳು, ಸಾಸಿವೆ ಕಾಳಿನಷ್ಟು ಪಾರ್ಟುಗಳು. ಕನ್ನಡಕ ಎರಡು ಸಲ ಒರೆಸಿಕೊಂಡು ನೋಡಿದೆ. ಸಾಲ್ಡರ್ ಐರನ್ ಬಿಸಿಯೂ ಆಗಿತ್ತು.

ಆಗ ಹಳೇ ಪಾಪ ನೆನಪಾಯಿತು. ಬಹಳ ಹಿಂದೆ ಒಂದು ಸೆಕೆಂಡ್‌ಹ್ಯಾಂಡ್ ಸೆಟ್ಟಿನ ಟ್ಯೂನರ್‌ಗೆ ಇದೇ ರೀತಿ ಕೈ ಹಾಕಿದ್ದೆ. ಪ್ರೊಟೆಕ್ಷನ್ ತಪ್ಪಿಸಿ, ಕೆಟ್ಟ ತಂತಿಗೆ ಪೂರ್ತಿ 100 ವ್ಯಾಟ್ ಬಿಟ್ಟೆ. ಚಟ್ ಅಂತ ಶಬ್ದ, ಆಮೇಲೆ ಆ ಸುಟ್ಟ ವಾಸನೆ. ರಿಪೇರಿಯವರಿಗೆಲ್ಲ ಗೊತ್ತಿರುವ ವಾಸನೆ ಅದು. ಒಂದು ಕೆಪಾಸಿಟರ್ ಹೋಯಿತು, ಒಂದು ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿತು. ತಪ್ಪು ಪೂರ್ತಿ ನನ್ನದೇ. ಅದೇ ಅಳತೆಯ ರಿಲೇ ಹುಡುಕುತ್ತಾ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಇಡೀ ದಿನ ಅಲೆದೆ.

ಹಾಗಾಗಿ ಈ ಸಲ ಐರನ್ ಕೆಳಗಿಟ್ಟು ಪೆನ್ನು ತಗೊಂಡೆ. ಎಂಥಾ ತಂತಿಯಾದ್ರೂ ಅಂದರಲ್ಲ, ಎಸ್‌ಡಬ್ಲ್ಯುಆರ್ 10 ಅಂತಲೇ ಇಟ್ಟುಕೊಳ್ಳೋಣ. ಆಗ ಲೋಡು, ಅಂದರೆ ಆಂಟೆನಾ ಕಡೆಯಿಂದ ರೇಡಿಯೋಗೆ ಕಾಣುವುದು, 500 ಓಮ್ ಇರಬಹುದು, 5 ಓಮ್ ಕೂಡ ಇರಬಹುದು. 500 ಓಮ್‌ಗೆ 100 ವ್ಯಾಟ್ ಹೋದರೆ ಸುಮಾರು 224 ವೋಲ್ಟ್, 5 ಓಮ್‌ಗೆ ಹೋದರೆ ನಾಲ್ಕೂವರೆ ಆಂಪಿಯರ್. 3:1ರ ಅಂಚಿನಲ್ಲಿ ಇದೇ ಲೆಕ್ಕ 122 ವೋಲ್ಟ್, 2.4 ಆಂಪಿಯರ್. ಅಂದರೆ ಪಾರ್ಟುಗಳ ಮೇಲೆ ಬೀಳುವ ಭಾರ ಹೆಚ್ಚುಕಮ್ಮಿ ಇಮ್ಮಡಿ. ಎರಡು ಕಾಯಿಲ್ ಸೇರಿಸಿದರೆ ಇದು ತಪ್ಪುತ್ತದೆಯೇ? ರಿಲೇ, ಕೆಪಾಸಿಟರ್ ಎಲ್ಲವನ್ನೂ ದಪ್ಪದ್ದು ಹಾಕಬೇಕು. ಆ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಕವರ್ ಮುಚ್ಚಿದೆ.

ಮುಚ್ಚಿದ ಮೇಲೆ ಮ್ಯಾನ್ಯುಯಲ್ ಓದಿದೆ. (ಮೊದಲೇ ಓದಬೇಕಿತ್ತು ಅಂತೀರಾ? ನಮ್ಮ ಮನೆಯವರೂ ಅದನ್ನೇ ಅಂದರು.) ಮೆನುವಿನಲ್ಲಿ ಎಮರ್ಜೆನ್ಸಿ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಟ್ಯೂನರ್ 3:1 ದಾಟಿಯೂ ಪ್ರಯತ್ನ ಮಾಡುತ್ತದೆ. ಪವರ್ ಮಾತ್ರ 50 ವ್ಯಾಟ್‌ಗೆ ಇಳಿಯುತ್ತದೆ. ಮೊದಲು ಜಿಪುಣತನ ಅನ್ನಿಸಿತು. ಮೇಲಿನ ಲೆಕ್ಕವನ್ನೇ 50 ವ್ಯಾಟ್‌ಗೆ ಮಾಡಿ ನೋಡಿ: 158 ವೋಲ್ಟ್, 3.2 ಆಂಪಿಯರ್. ಪಾರ್ಟುಗಳು ದಿನಾ ತಡೆದುಕೊಳ್ಳುವ ಭಾರಕ್ಕಿಂತ ತುಸು ಜಾಸ್ತಿ, ಅಷ್ಟೇ. ನಾನು ಸಾಲ್ಡರ್ ಹಿಡಿದು ಮಾಡಲು ಹೊರಟಿದ್ದ ಕೆಲಸವನ್ನು ಅವರು ಲೆಕ್ಕ ಹಾಕಿ ಮೆನುವಿನಲ್ಲಿ ಇಟ್ಟಿದ್ದಾರೆ.

40 ಮೀಟರ್ ಆ ಬೆಳಿಗ್ಗೆಯೇ ಟ್ಯೂನ್ ಆಯಿತು. 100ರಿಂದ 50ಕ್ಕೆ ಇಳಿದರೆ 3 ಡಿಬಿ ಕಮ್ಮಿ, ಕೇಳುವವರ ಎಸ್ ಮೀಟರಿನಲ್ಲಿ (ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಮೀಟರು) ಅರ್ಧ ಗೆರೆ. ಬೆಳಗಿನ ಗೆಳೆಯರಲ್ಲಿ ಒಬ್ಬರೂ ವ್ಯತ್ಯಾಸ ಹೇಳಲಿಲ್ಲ. ಕವರ್ ಬಿಚ್ಚಲು ಹೇಳಿದ್ದವರು, "ಮಾಡಿಫಿಕೇಶನ್ ಆದ್ಮೇಲೆ ಆಡಿಯೋನೂ ಚೆನ್ನಾಗಾಗಿದೆ" ಅಂತ ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

10 ಮೀಟರ್‌ನಲ್ಲಿ ಮೋಸ ಹೋದೆ. ಟ್ಯೂನರ್ ಖುಷಿಯಾಗಿ 1.2 ತೋರಿಸಿತು. ಬ್ಯಾಂಡ್ ಓಪನ್ ಇತ್ತು, ನಾನು ಕೇಳಿಸಿಕೊಂಡೆ, ಕರೆದರೆ ಉತ್ತರ ಕೊಟ್ಟವರು ಯಾರೂ ಇಲ್ಲ. ಟೆರೇಸಿಗೆ ಹೋಗಿ ಅನ್‌ಅನ್ ಹತ್ತಿರವೇ ಅಳೆದರೆ ಎಸ್‌ಡಬ್ಲ್ಯುಆರ್ 10! ಕೆಳಗೆ 4.3 ಕಂಡಿದ್ದು ಯಾಕೆ? 15 ಮೀಟರ್ ಆರ್‌ಜಿ-58 ಆ ಫ್ರೀಕ್ವೆನ್ಸಿಯಲ್ಲಿ ಸರಿಯಾದ ಲೋಡು ಇದ್ದರೂ ಸುಮಾರು 1.2 ಡಿಬಿ ತಿನ್ನುತ್ತದೆ. ಲೋಡು ಕೆಟ್ಟದಿದ್ದರೆ ಪವರ್ ಆಚೆ ಈಚೆ ಓಡಾಡಿ 4 ಡಿಬಿ ಹತ್ತಿರ ಹೋಗುತ್ತದೆ. ವಾಪಸ್ ಬರುವ ಪವರನ್ನೂ ಕೇಬಲ್ಲೇ ತಿಂದು ಹಾಕುವುದರಿಂದ ಕೆಳಗಿನ ಮೀಟರಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ. 50 ವ್ಯಾಟ್‌ನಲ್ಲಿ 20 ವ್ಯಾಟ್ ಮೇಲಕ್ಕೆ ಹೋಗುತ್ತಿತ್ತು, ಉಳಿದಿದ್ದು ಕೇಬಲ್ ಬಿಸಿ ಮಾಡಲು. ರೇಡಿಯೋ ಒಳಗಿನ ಟ್ಯೂನರನ್ನು ಎಷ್ಟೇ ಮಾಡಿಫೈ ಮಾಡಿದರೂ ಇದು ಸರಿಹೋಗುವುದಿಲ್ಲ. ಅದು ಕೇಬಲ್ಲಿನ ತಪ್ಪು ತುದಿಯಲ್ಲಿ ಕೂತಿದೆ, ಅಲ್ವಾ?

ಕೊನೆಗೆ 10 ಮೀಟರಿಗೆ ಬೇರೆ ಡೈಪೋಲ್ ಕಟ್ಟಿದೆ. ಎರಡೂವರೆ ಮೀಟರಿನ ಎರಡು ವೈರಿಂಗ್ ತಂತಿ, ಬಟ್ಟೆ ಒಣಹಾಕುವ ಕಂಬಿಗಳ ಮಧ್ಯೆ. ಎಸ್‌ಡಬ್ಲ್ಯುಆರ್ 1.4, ಟ್ಯೂನರ್ ಆಫ್, ಪೂರ್ತಿ 100 ವ್ಯಾಟ್.

ನಿಮ್ಮ ಆಂಟೆನಾ ಹೆಚ್ಚುಕಮ್ಮಿ ಸರಿಯಿದ್ದು, ಬ್ಯಾಂಡಿನ ಅಂಚುಗಳಲ್ಲಿ ಮಾತ್ರ ತೊಂದರೆ ಇದ್ದರೆ ಈ ಟ್ಯೂನರ್ ಧಾರಾಳ ಸಾಕು. ನನ್ನ ಹಾಗೆ ಒಂದೇ ತಂತಿಯಲ್ಲಿ ಎಲ್ಲ ಬ್ಯಾಂಡ್ ಬೇಕೆಂದರೆ, ರೇಡಿಯೋ ಹಿಂದಿನ ನಾಲ್ಕು ಪಿನ್ ಸಾಕೆಟ್ಟಿಗೆ ಐಕಾಮ್‌ನದೇ ಹೊರಗಿಡುವ ಟ್ಯೂನರ್ ಎಎಚ್-4 ಹಾಕಿ, ಅದನ್ನು ತಂತಿಯ ಬುಡದಲ್ಲೇ ಇಡುವುದು ಸರಿಯಾದ ದಾರಿ. 7 ಮೀಟರ್ ತಂತಿ ಇದ್ದರೂ ಅದು 3.5 ಮೆಗಾಹರ್ಟ್ಸ್‌ನಿಂದ ಕೆಲಸ ಮಾಡುತ್ತದೆ. ದುಡ್ಡು ಕೂಡಿಸುತ್ತಿದ್ದೇನೆ.

ನನ್ನ ಒಂದೇ ತಕರಾರು ಬೇರೆ: ಹಿಂದೆ ಆಂಟೆನಾ ಸಾಕೆಟ್ ಇರುವುದು ಒಂದೇ. ತಂತಿಯಿಂದ ಡೈಪೋಲಿಗೆ ಹೋಗಬೇಕಾದರೆ ಪ್ರತಿ ಸಲ ಮೇಜಿನ ಹಿಂದೆ ಬಗ್ಗಿ ಕೇಬಲ್ ಬಿಚ್ಚಿ ಹಾಕಬೇಕು. ಈ ಬೆಲೆಯ ಸೆಟ್ಟಿಗೆ ಎರಡನೆಯದನ್ನು ಕೊಡಬಹುದಿತ್ತು.