ಅಡಿಯ ಸೌಟು

ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ಎಲೀ ವೀಸೆಲ್‌ರ ನೆನಪಿನ ಪುಸ್ತಕ ‘ನೈಟ್’ ಕೈಗೆತ್ತಿಕೊಂಡದ್ದು ರಾತ್ರಿ ಊಟವಾದ ಮೇಲೆ. ಮುಗಿಸಿ ತಲೆಯೆತ್ತಿದಾಗ ಹಾಲಿನವನು ಬರುವ ಹೊತ್ತು. ನೂರು ಚಿಲ್ಲರೆ ಪುಟ, ಅಷ್ಟೇ. ಹಾಗೇ ಬದುಕಿ ಬಂದ ಪ್ರಿಮೊ ಲೆವಿಯವರ ‘ಇಫ್ ದಿಸ್ ಈಸ್ ಎ ಮ್ಯಾನ್’ ಅಂಥ ದಪ್ಪ ಪುಸ್ತಕವೇನಲ್ಲ, ಆದರೂ ಮೂರು ವಾರ ಹಿಡಿಯಿತು. ಎರಡರಲ್ಲಿ ಮೊದಲು ಯಾವುದು ಓದಲಿ ಎಂದು ಅಣ್ಣನ ಮಗಳು ಫೋನಿನಲ್ಲಿ ಕೇಳಿದಾಗ ಏನೋ ಹೇಳಿ ಜಾರಿಕೊಂಡೆ. ಈಗ ಯೋಚಿಸಿ ಹೇಳುತ್ತಿದ್ದೇನೆ.

ಇಬ್ಬರೂ 1944ರಲ್ಲಿ ಒಂದೇ ಕಡೆ ಇದ್ದವರು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಂದ ಆಶ್‌ವಿಟ್ಜ್‌ಗೆ ಸೇರಿದ ಮೊನೊವಿಟ್ಜ್ ಶಿಬಿರ, ಕೈದಿಗಳ ಬಾಯಲ್ಲಿ ‘ಬೂನಾ’. ಐ.ಜಿ. ಫಾರ್ಬೆನ್ ಕಂಪನಿಯ ಕೃತಕ ರಬ್ಬರ್ ಕಾರ್ಖಾನೆಗಾಗಿ ಜನರನ್ನು ಸಾಯುವತನಕ ದುಡಿಸಿದ ಜಾಗ. ವೀಸೆಲ್ ಆಗ ಸಿಗೆಟ್ ಎಂಬ ಊರಿನ 15ರ ಹುಡುಗ, ಧರ್ಮಗ್ರಂಥಗಳಲ್ಲಿ ಮುಳುಗಿ ಬೆಳೆದವನು. ಜೊತೆಗೆ ಅಪ್ಪ ಇದ್ದರು. ಲೆವಿ ಟ್ಯೂರಿನ್‌ನ 24ರ ರಸಾಯನಶಾಸ್ತ್ರಜ್ಞ. ಹುಡುಗ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಲೆವಿ ಪ್ರಯೋಗಾಲಯದ ತಕ್ಕಡಿ ಹಿಡಿದವರ ಹಾಗೆ ಒಂದೊಂದನ್ನೂ ತೂಗುತ್ತಾ ಹೋಗುತ್ತಾರೆ.

‘ನೈಟ್’ ಓದುತ್ತಾ ಅತ್ತೆ. ಜರ್ಮನಿಯ ಬೂಖೆನ್‌ವಾಲ್ಡ್ ಶಿಬಿರದಲ್ಲಿ ಸಾಯುತ್ತಿರುವ ಅಪ್ಪ ಮಗನ ಹೆಸರು ಹಿಡಿದು ಕರೆಯುತ್ತಾರೆ. ಹೊಡೆತಕ್ಕೆ ಹೆದರಿ ಮಗ ಓಗೊಡುವುದಿಲ್ಲ. ಬೆಳಗಾಗುವಾಗ ಆ ಹಾಸಿಗೆಯಲ್ಲಿ ಬೇರೊಬ್ಬ ರೋಗಿ. ತನಗೆ ಅಳು ಬರಲಿಲ್ಲ, ಬದಲಿಗೆ ಬಿಡುಗಡೆಯಾದಂಥ ಭಾವ ಒಳಗೆಲ್ಲೋ ಇತ್ತು ಎಂದು ಆತ ಬರೆದುಬಿಡುತ್ತಾನೆ. ಅವನಿಗೆ ಅಳು ಬಾರದ ಪುಟದಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅತ್ತ ಮೇಲೆ ಎದೆ ಹಗುರಾಯಿತು, ಕಾಫಿ ಕುಡಿದೆ. ನನಗೆ ತಕರಾರು ಇರುವುದು ಈ ಹಗುರದ ಬಗ್ಗೆಯೇ. ಚಿಕ್ಕವನಿದ್ದಾಗ ರಾತ್ರಿಯಿಡೀ ಯಕ್ಷಗಾನ ನೋಡಿ, ಲೋಹಿತಾಶ್ವನ ಹೆಣದ ಮುಂದೆ ಚಂದ್ರಮತಿಯ ಜೊತೆ ನಾನೂ ಅತ್ತು, ಬೆಳಗಿನ ಜಾವ ಹೀಗೇ ಹಗುರಾಗಿ ಮನೆಗೆ ನಡೆದದ್ದುಂಟು. ನಮ್ಮ ಹಳಬರು ಶೋಕವೂ ರಸವಾಗುತ್ತದೆ ಎಂದು ಬಲ್ಲವರು. ಆದರೆ ಇದು ಕತೆಯಲ್ಲವಲ್ಲ. ತಪ್ಪು ವೀಸೆಲ್‌ರದಲ್ಲ, ಓದಿದವನದು. ಹಾಗಿದ್ದರೂ ಆ ಪುಸ್ತಕ ನನಗೆ ಅತ್ತು ಎದ್ದುಹೋಗಲು ಬಾಗಿಲು ತೆರೆದಿಟ್ಟಿತ್ತು.

ಲೆವಿ ಅಳಿಸಲಿಲ್ಲ. ಒಂದು ಹನಿಯೂ ಇಲ್ಲ. ಎರಡು ಪುಟ ಓದಿ ಪುಸ್ತಕ ಮಡಿಸಿಡುತ್ತಿದ್ದೆ.

ವ್ಯತ್ಯಾಸ ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸೂಪು. ವೀಸೆಲ್‌ರಲ್ಲಿ ಒಬ್ಬ ಯುವಕನನ್ನು ಗಲ್ಲಿಗೇರಿಸಿದ ಸಂಜೆ ಸೂಪು ಎಂದಿಗಿಂತ ರುಚಿಯಾಗಿರುತ್ತದೆ. ಮುಂದೆ ಒಂದು ಮಗುವನ್ನೇ ನೇಣಿಗೆ ಹಾಕಿದ ರಾತ್ರಿ ಅದಕ್ಕೆ ಹೆಣದ ರುಚಿ. ಓದಿ ಮೈ ಜುಮ್ಮೆಂದಿತು. ಆದರೆ ಅಲ್ಲಿ ಸೂಪು ಆಗಲೇ ಬೇರೇನನ್ನೋ ಹೇಳುವ ಮಾತಾಗಿಬಿಟ್ಟಿದೆ. ಲೆವಿಯಲ್ಲಿ ಸೂಪು ಬರೀ ಸೂಪು. ಕೊಪ್ಪರಿಗೆಯ ಮೇಲಿನ ಸೌಟೇ ಬೇರೆ, ತಳದ ಸೌಟೇ ಬೇರೆ. ಹಾಗಾಗಿ ಸಾಲಿನಲ್ಲಿ ಎಲ್ಲಿ ನಿಂತರೆ ತಳ ಸಿಕ್ಕೀತು ಎಂದು ಲೆಕ್ಕ ಹಾಕಬೇಕು. ಬ್ರೆಡ್ಡು ತಿನ್ನುವಾಗ ಪುಡಿ ಚೆಲ್ಲದಂತೆ ಗದ್ದದ ಕೆಳಗೆ ಬಟ್ಟಲು ಹಿಡಿಯಬೇಕು. ಇದನ್ನೆಲ್ಲ ಲೆವಿ ಸ್ವರ ಏರಿಸದೆ, ಹೊಸ ಕೆಲಸಕ್ಕೆ ಸೇರಿದವನಿಗೆ ಕಲಿಸುವಂತೆ ಹೇಳುತ್ತಾರೆ. ನನಗೇ ಗೊತ್ತಿಲ್ಲದೆ ನಾನೂ ಲೆಕ್ಕ ಹಾಕಲು ಶುರುಮಾಡಿದ್ದೆ: ಮುಂದೆ ನಿಲ್ಲಬಾರದು, ತೀರಾ ಹಿಂದೆಯೂ ಬೇಡ.

(ಅಂಥ ಶಿಬಿರಗಳಿಂದಲೇ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಕೂಡ ಓದಿದೆ. ಅಲ್ಲೂ ಅದೇ ಸೌಟು. ತನ್ನ ಪ್ರೇಮಪ್ರಸಂಗಗಳನ್ನು ಕೇಳಿಸಿಕೊಂಡರೆಂದು ಒಬ್ಬ ಕಾಪೋ, ಅಂದರೆ ಉಳಿದ ಕೈದಿಗಳ ಮೇಲೆ ಮೇಸ್ತ್ರಿಯಾಗಿ ನೇಮಿಸಿದ ಕೈದಿ, ಅವರಿಗೆ ತಳದಿಂದ ಒಂದಿಷ್ಟು ಬಟಾಣಿ ಎತ್ತಿ ಬಡಿಸುತ್ತಾನೆ. ಆ ಪುಸ್ತಕದ ಮೊದಲರ್ಧ ಚೆನ್ನಾಗಿದೆ. ಅದರ ಸಾಲುಗಳನ್ನು ಬೆಳಗಿನ ಶುಭಾಶಯದ ಜೊತೆ ಫಾರ್ವರ್ಡ್ ಮಾಡುವವರ ಕಾಟಕ್ಕೆ ಉಳಿದರ್ಧ ನನ್ನ ಮಟ್ಟಿಗೆ ಕೆಟ್ಟಿತು.)

ಇನ್ನೊಂದನ್ನು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟರಷ್ಟೇ ಕಾಣಲು ಸಾಧ್ಯ. 1945ರ ಜನವರಿಯಲ್ಲಿ ರಷ್ಯನ್ನರ ಫಿರಂಗಿ ಕೇಳುವಷ್ಟು ಹತ್ತಿರ ಬಂದಾಗ ಇಬ್ಬರೂ ಅದೇ ಶಿಬಿರದ ಆಸ್ಪತ್ರೆಯಲ್ಲಿದ್ದರು. ಹುಡುಗನ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಲೆವಿಗೆ ಸ್ಕಾರ್ಲೆಟ್ ಜ್ವರ. ನಾಜಿಗಳು ಶಿಬಿರ ಖಾಲಿ ಮಾಡಿ ಕೈದಿಗಳನ್ನು ನಡೆಸಿಕೊಂಡು ಹೊರಟರು. ಹಿಂದೆ ಉಳಿದವರನ್ನು ಕೊಲ್ಲುತ್ತಾರೆಂದು ಹೆದರಿ ಹುಡುಗ ಅಪ್ಪನೊಂದಿಗೆ ಹಿಮದಲ್ಲಿ ನಡೆದುಬಿಟ್ಟ. ಆ ನಡಿಗೆ ಅಪ್ಪನನ್ನು ಮುಟ್ಟಿಸಿದ್ದು ಬೂಖೆನ್‌ವಾಲ್ಡ್‌ಗೆ. ಜ್ವರದಲ್ಲಿ ಏಳಲಾರದೆ ಲೆವಿ ಉಳಿದರು. ಶಾರ್ಲ್, ಆರ್ತರ್ ಎಂಬ ಇಬ್ಬರು ಫ್ರೆಂಚರೊಂದಿಗೆ ಒಲೆ ಹೊಂದಿಸಿ, ಆಲೂಗಡ್ಡೆ ಹುಡುಕಿ ಬದುಕಿಕೊಂಡರು. ಆಗ ಕೋಣೆಯ ರೋಗಿಗಳು ತಮ್ಮ ಪಾಲಿನಿಂದ ಒಂದೊಂದು ಚೂರು ಬ್ರೆಡ್ಡನ್ನು ದುಡಿದ ಆ ಮೂವರಿಗೆ ಕೊಡುತ್ತಾರೆ. ನಾನು ಅತ್ತಿದ್ದರೆ ಅಲ್ಲಿ ಅಳಬೇಕಿತ್ತು. ಜನವರಿ 27ಕ್ಕೆ ರಷ್ಯನ್ನರು ಬಂದರು. ಉಳಿದವರು ಎರಡೇ ದಿನದಲ್ಲಿ ಬಿಡುಗಡೆಯಾದರೆಂದು ವೀಸೆಲ್ ಬರೆಯುತ್ತಾರೆ. ಲೆವಿಯ ಕೊನೆಯ ಅಧ್ಯಾಯದಲ್ಲಿ ಅದು ಹತ್ತು ದಿನ, ಒಂದೊಂದಕ್ಕೂ ತಾರೀಖು ಹಾಕಿದ್ದು.

ಆದ್ದರಿಂದ ಮಗಳೇ, ಮೊದಲು ‘ನೈಟ್’ ಓದು, ಒಂದೇ ಪಟ್ಟಿಗೆ, ಅಳು ಬಂದರೆ ಅತ್ತುಬಿಡು. ಒಂದನ್ನೇ ಓದುವೆ ಎನ್ನುವುದಾದರೆ ಲೆವಿ.

ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಗೆ ಕೂತಿದ್ದೆ. ಹುಳಿಯ ಬಕೆಟ್ ಹತ್ತಿರ ಬಂತು. ಪಕ್ಕದ ಎಲೆಯ ಮಾವ ಎಂದಿನಂತೆ, “ಅಡಿಯಿಂದ ಕಲಕಿ ಬಡಿಸಪ್ಪಾ, ಒಂದೆರಡು ಹೋಳು ಬೀಳಲಿ” ಎಂದರು. ಹುಡುಗ ನಗುತ್ತಾ ಸೌಟನ್ನು ತಳದವರೆಗೆ ಇಳಿಸಿದ. ನಂತರ ನನ್ನ ಕಡೆ ತಿರುಗಿ, “ನಿಮಗೆ?” ಎಂದ. ಎಲೆಗೆ ಅಡ್ಡ ಕೈ ಇಟ್ಟೆ.