ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು: ನಮ್ಮ ಬೀದಿ ಪ್ಲಂಬರ್‌ಗೆ 4 ಸ್ಟಾರ್

ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಹಳೇ ಮನೆ. ತಾರಸಿ ಮೇಲೆ 200 ಲೀಟರ್ ಸೋಲಾರ್ ಇದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಟಾಯ್ಲೆಟ್‌ನಿಂದ ಮಾವನವರು "ಅಯ್ಯೋ, ಸುಡ್ತು ಕಣಮ್ಮಾ!" ಎಂದು ಕೂಗಿದರು. ಹೆಲ್ತ್ ಫಾಸೆಟ್‌ನಲ್ಲಿ ಬಿಸಿನೀರು! ಅದಕ್ಕೆ ಸೋಲಾರ್ ಲೈನೇ ಇಲ್ಲ.

ಆ್ಯಪ್‌ನಲ್ಲಿ ಬುಕ್ ಮಾಡಿದ ಮೊದಲನೆಯವನು "ಟ್ಯಾಂಕ್ ಬಿಸಿಲಿಗೆ ಕಾದಿದೆ ಮೇಡಂ" ಎಂದು 350 ರೂಪಾಯಿ ತಗೊಂಡು ಹೋದ. ಆದರೆ ಬೆಳಗ್ಗೆ 5.30ಕ್ಕೂ ಅಡುಗೆಮನೆ ನಲ್ಲಿಯಲ್ಲಿ ಬಿಸಿನೀರೇ. ಆ ಹೊತ್ತಲ್ಲಿ ಎಲ್ಲಿಯ ಬಿಸಿಲು?

ಆಮೇಲೆ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದೆ. ನಾಳೆ ನಾಳೆ ಅಂತ ಮೂರು ದಿನ ಕಾಯಿಸಿದರು. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಬಂದ ಹಿರಿಯರು ಮಾತ್ರ ಏನನ್ನೂ ಬಿಚ್ಚಲಿಲ್ಲ. ತಾರಸಿಗೆ ಹೋಗಿ ಸೋಲಾರ್‌ನಿಂದ ಕೆಳಗಿಳಿಯುವ ಗೇಟ್ ವಾಲ್ವ್ ಮುಚ್ಚಿದರು. ಹತ್ತು ನಿಮಿಷ ನೀರು ಬಿಟ್ಟ ಮೇಲೆ ತಣ್ಣಗಾಯಿತು. "ಟ್ಯಾಂಕ್ ಸರಿ ಇದೆ. ಒಳಗೆಲ್ಲೋ ಎರಡು ಲೈನ್ ಸೇರ್ತಿವೆ" ಎಂದರು.

ಸೇರುತ್ತಿದ್ದದ್ದು ಮಾವನವರ ಬಚ್ಚಲಿನ ಮಿಕ್ಸರ್‌ನಲ್ಲಿ. ಅದಕ್ಕೆ ಹ್ಯಾಂಡ್ ಶವರ್ ಇದೆ. ಅವರು ಸ್ನಾನ ಮುಗಿಸಿ ಶವರ್‌ನ ಗುಂಡಿಯನ್ನಷ್ಟೇ ಬಂದ್ ಮಾಡುತ್ತಾರೆ, ಮಿಕ್ಸರ್‌ನ ಎರಡೂ ತಿರುಪು ತೆರೆದೇ ಇರುತ್ತವೆ. ಬೇರೆ ಕಡೆ ತಣ್ಣೀರಿನ ನಲ್ಲಿ ತಿರುಗಿಸಿದ ಕೂಡಲೇ ಆ ಲೈನ್‌ನಲ್ಲಿ ಒತ್ತಡ ಇಳಿಯುತ್ತೆ, ಬಿಸಿನೀರು ಮಿಕ್ಸರ್ ದಾಟಿ ಅತ್ತ ನುಗ್ಗುತ್ತೆ. ಅಂದರೆ ಕಳ್ಳ ಮನೆಯೊಳಗೇ ಇದ್ದ. ಮಾವನವರು ಪೇಪರ್‌ನಿಂದ ಮುಖವನ್ನೇ ಎತ್ತಲಿಲ್ಲ.

ತಿರುಪು ಮುಚ್ಚಿದರೆ ಸಾಕಿತ್ತು. ಆದರೆ 78ರ ವಯಸ್ಸಿನಲ್ಲಿ ಅಭ್ಯಾಸ ಬದಲಾಗುತ್ತಾ? ಮಿಕ್ಸರ್‌ಗೆ ಬರುವ ಎರಡೂ ಪೈಪಿಗೆ ಹಿತ್ತಾಳೆಯ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ, ವಾಪಸ್ ಬಿಡದ ವಾಲ್ವ್) ಹಾಕಿಸಿದೆವು. ಕೂರಿಸುವ ಮುಂಚೆ ಬಾಣದ ಗುರುತು ತೋರಿಸಿ, ಬಾಯಿಟ್ಟು ಊದಿದರು. ಒಂದು ಕಡೆಯಿಂದ ಗಾಳಿ ಹೋಯಿತು, ಇನ್ನೊಂದು ಕಡೆಯಿಂದ ಇಲ್ಲ. ಸಾಮಾನು, ಕೂಲಿ ಎಲ್ಲಾ ಸೇರಿ 1,450 ರೂಪಾಯಿ.

ಮ್ಯಾಂಚೆಸ್ಟರ್‌ನಲ್ಲಿರುವ ಮಗಳಿಗೆ ಫೋನಲ್ಲಿ ಹೇಳಿದರೆ, ಅವಳ ಮನೆಯಲ್ಲೂ ಇಂಥದ್ದೇ ಕಥೆ. ಬೇಸಿಗೆಯಲ್ಲಿ ಬಾಯ್ಲರ್ ಸ್ನಾನದ ನೀರು ಕಾಯಿಸುವಾಗ, ಮನೆ ಬೆಚ್ಚಗಿಡುವ ಹೀಟಿಂಗ್ ಆಫ್ ಇದ್ದರೂ ಮಹಡಿ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಕಾಯಿಸುವ ಫಲಕ) ಬೆಚ್ಚಗಾಗ್ತಿತ್ತಂತೆ. ಹೀಟಿಂಗ್ ಕಡೆಗೆ ನೀರು ಬಿಡುವ ಮೋಟಾರ್ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಅಲ್ಲಿನವರೂ ಮೊದಲು ಪೈಪ್ ಮುಟ್ಟಿ ನೋಡಿಯೇ ಹಿಡಿದರಂತೆ.

ನಿಮ್ಮಲ್ಲೂ ಹೀಗಾದರೆ ಮೊದಲು ಸೋಲಾರ್ ವಾಲ್ವ್ ಮುಚ್ಚಿ ನೋಡಿ. ತುಂಬಾ ವರ್ಷದಿಂದ ತಿರುಗಿಸದೆ ಜಾಮ್ ಆಗಿದ್ದರೆ ಸುಮ್ನೆ ಬಲ ಹಾಕಬೇಡಿ, ಕೈಗೇ ಕಿತ್ತು ಬರುತ್ತೆ.