ಅಪ್ಪನ ಹೆಸರಿಗೆ ಬದಲಾಗಿ ಗ್ರೀಕ್ ಅಕ್ಷರಮಾಲೆ

ಹೆಲೆನ್ ಡಿವಿಟ್ ಅವರ ಚೊಚ್ಚಲ ಕಾದಂಬರಿ ‘ದಿ ಲಾಸ್ಟ್ ಸಮುರಾಯ್’ 2000ದಲ್ಲಿ ಪ್ರಕಟವಾಯಿತು. ಮಧ್ಯೆ ಕೆಲಕಾಲ ಪ್ರತಿಗಳು ಸಿಗದಂತಾಗಿ, 2016ರಲ್ಲಿ ನ್ಯೂ ಡೈರೆಕ್ಷನ್ಸ್ ಪ್ರಕಾಶನ ಅದನ್ನು ಮತ್ತೆ ಹೊರತಂದಿತು. ಇದೇ ಹೆಸರಿನ ಟಾಮ್ ಕ್ರೂಸ್ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಲಂಡನ್ನಿನಲ್ಲಿ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಟೈಪ್ ಮಾಡಿ ಹೊಟ್ಟೆ ಹೊರೆಯುವ ಸಿಬಿಲಾ ತನ್ನ ಮಗ ಲೂಡೋಗೆ ಅವನ ತಂದೆ ಯಾರೆಂದು ಹೇಳುವುದಿಲ್ಲ. ಜಪಾನಿನ ನಿರ್ದೇಶಕ ಕುರೊಸಾವಾರ ‘ಸೆವೆನ್ ಸಮುರಾಯ್’ ಚಿತ್ರದ ವೀರರೇ ಅವನಿಗೆ ಮಾದರಿಯಾಗಲಿ ಎಂದು ಅದನ್ನು ಪದೇ ಪದೇ ತೋರಿಸುತ್ತಾಳೆ, ನಾಲ್ಕು ವರ್ಷ ತುಂಬುವ ಹೊತ್ತಿಗೆ ಗ್ರೀಕ್ ಅಕ್ಷರ ತಿದ್ದಿಸುತ್ತಾಳೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಣವಿಲ್ಲದೆ ತಾಯಿ ಮಗ ಸರ್ಕಲ್ ಲೈನ್ ಎಂಬ ಸುರಂಗ ರೈಲಿನಲ್ಲಿ ಸುತ್ತುತ್ತಿರುವಾಗ, ಹೋಮರನನ್ನು ಮೂಲದಲ್ಲೇ ಓದುತ್ತಿರುವ ಪುಟ್ಟ ಹುಡುಗನನ್ನು ಕಂಡು ಸಹಪ್ರಯಾಣಿಕರು ಆಡುವ ಮಾತುಗಳನ್ನು, ಯಾವ ಅಭಿಪ್ರಾಯ ಎಷ್ಟು ಮಂದಿಯದೆಂದು ಆಕೆ ಲೆಕ್ಕವಿಡುವ ಪುಟ ನನಗೆ ಅಚ್ಚುಮೆಚ್ಚಿನದು. ಹುಡುಗ ಜಪಾನಿ ಭಾಷೆ ಬೇಕೆಂದು ಹಟ ಹಿಡಿದಾಗ ಮೊದಲು ಓದಿ ಮುಗಿಸಬೇಕಾದ ಕೃತಿಗಳ ಪಟ್ಟಿಯನ್ನೇ ಮುಂದಿಡುತ್ತಾಳೆ. ಅದರಲ್ಲಿ ಅರಬ್ಬಿಯ ‘ಕಲೀಲಾ ವ ದಿಮ್ನಾ’ ಕೂಡ ಇದೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ನರಿಗಳೇ ಇಲ್ಲಿ ಬೇರೆ ಹೆಸರಿನಲ್ಲಿ ಎದುರಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಗ್ರೀಕ್, ಜಪಾನಿ ಲಿಪಿಗಳು ಪುಟದಲ್ಲೇ ಅಚ್ಚಾಗಿರುವುದರಿಂದ ಓದುಗರೂ ಆ ಮಗುವಿನ ಪಕ್ಕದಲ್ಲಿ ಕುಳಿತು ಅಕ್ಷರ ಕೂಡಿಸಿ ಓದಬೇಕಾಗುತ್ತದೆ. ತಾಯಿ ಏನನ್ನೋ ಹೇಳಲು ಹೊರಡುತ್ತಾಳೆ, ಮಗ ಪ್ರಶ್ನೆ ಕೇಳುತ್ತಾನೆ, ವಾಕ್ಯ ಅರ್ಧಕ್ಕೇ ನಿಂತು ಎಷ್ಟೋ ಸಾಲುಗಳಾಚೆ ಮುಂದುವರಿಯುತ್ತದೆ. ಮೊದಲಿಗೆ ಇದು ತೊಡಕೆನಿಸಿದರೂ, ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ದುಡಿಯುವವರ ದಿನ ಹೀಗೆಯೇ ತುಂಡಾಗುತ್ತದೆಂಬುದು ಮನವರಿಕೆಯಾದ ಮೇಲೆ ಓದು ಸರಾಗವಾಗುತ್ತದೆ.

ಹನ್ನೊಂದು ವರ್ಷದ ಲೂಡೋ ತಂದೆಗಾಗಿ ಹುಡುಕಾಟಕ್ಕಿಳಿಯುವ ಉತ್ತರಾರ್ಧದ ಬಗ್ಗೆ ನನ್ನ ತಕರಾರಿದೆ. ಮೆಚ್ಚಿದ ಗಂಡಸರ ಬಳಿಗೆ ಒಬ್ಬೊಬ್ಬರಂತೆ ಹೋಗಿ ‘ನಾನು ನಿಮ್ಮ ಮಗ’ ಎಂದು ಹೇಳಿ ಪರೀಕ್ಷಿಸುವ ಈ ಭಾಗದಲ್ಲಿ ಕೆಲವು ಪ್ರಸಂಗಗಳು ಅತಿಯಾಗಿ ಬೆಳೆದಿವೆ; ಅದಕ್ಕಿಂತ ಹೆಚ್ಚಾಗಿ, ಕಾದಂಬರಿಗೆ ಜೀವ ತುಂಬಿದ ಸಿಬಿಲಾಳ ದನಿಯೇ ಹಿಂದೆ ಸರಿಯುತ್ತದೆ. ಆದರೆ ನಿಜವಾದ ತಂದೆಯನ್ನು ಅವನು ಕಾಣುವ ಸನ್ನಿವೇಶ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಆತ ಹೆಸರು ಮಾಡಿದ ಲೇಖಕ. ಆತನ ಬರಹದ ಟೊಳ್ಳುತನ ಅದಾಗಲೇ ಹುಡುಗನಿಗೆ ತಿಳಿದಿದೆ. ಎದುರೇ ಕುಳಿತು ಮಾತನಾಡಿಯೂ, ತಾನು ಯಾರೆಂದು ಹೇಳದೆ, ಅವನು ಸುಮ್ಮನೆ ಎದ್ದು ಬರುತ್ತಾನೆ.